ಮಗಳಿಗೊಂದು ಪತ್ರ: ಬೇರೆ ಕಡೆ ಹೋಗಲಾಗದವರ ಲೆಕ್ಕ

ಪ್ರೀತಿಯ ಮಗಳೇ,

ಫೋನಿನಲ್ಲಿ ನೀನು ಹೇಳಿದ್ದನ್ನೇ ಯೋಚಿಸುತ್ತಿದ್ದೇನೆ. ಎರಡು ಆಸ್ಪತ್ರೆ ಕಂಪನಿಗಳು ಒಂದಾಗುತ್ತಿವೆ, ಇದರಿಂದ ಸ್ಪರ್ಧೆ ಕುಗ್ಗುತ್ತದಾ ಅಂತ ನೋಡುವ ಸ್ಪರ್ಧಾ ಆಯೋಗಕ್ಕೆ ಕೊಡುವ ವರದಿಗೆ ಲೆಕ್ಕ ಮಾಡಬೇಕು, ಅದೂ ಕಂಪನಿಗಳ ಪರವಾಗಿ. "ತಪ್ಪಾ ಅಮ್ಮ?" ಅಂತ ಕೇಳಿದೆ. ತಪ್ಪೆಂತ ಮಾರಾಯ್ತಿ, ವಕೀಲರೂ ಎರಡೂ ಕಡೆ ಇರುತ್ತಾರಲ್ವಾ? ಆದರೆ ನಾನು ರಿಟೈರ್ ಆಗುವವರೆಗೂ ಮಂಗಳೂರಿನ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಕೂತವಳು. ನನಗೆ ಹೇಳಲಿಕ್ಕೆ ಸ್ವಲ್ಪ ಉಂಟು.

ನೀನು ಕಳಿಸಿದ ಪುಟಗಳನ್ನು ಓದಿದೆ. ಒಬ್ಬೊಬ್ಬರ ಮಾರುಕಟ್ಟೆ ಪಾಲನ್ನು ಅದರಿಂದಲೇ ಗುಣಿಸಿ ಕೂಡಿಸುವ ಸೂಚ್ಯಂಕ ನನಗೂ ಅರ್ಥವಾಯಿತು. ತಲಾ ಶೇ. 25 ಪಾಲಿನ ನಾಲ್ಕು ಆಸ್ಪತ್ರೆ ಇದ್ದರೆ 2,500. ಅದರಲ್ಲಿ ಎರಡು ಸೇರಿದರೆ 3,750. ಅಮೆರಿಕದ 2023ರ ಮಾರ್ಗಸೂಚಿಯಲ್ಲಿ 1,800 ದಾಟಿದರೇ ಮಾರುಕಟ್ಟೆ ಕೆಲವರ ಕೈಯಲ್ಲಿ ಇದೆ ಅಂತ. ಗುಣಾಕಾರ ಯಾರು ಬೇಕಾದರೂ ಮಾಡಬಹುದು. ಜಗಳವೆಲ್ಲ ಯಾವ ಊರುಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಿ ಎನ್ನುವುದರಲ್ಲಿ. ಮಂಗಳೂರು ಮಾತ್ರವಾ? ಉಡುಪಿ, ಮಣಿಪಾಲ ಸೇರಿಸುತ್ತೀರಾ? ಗೆರೆ ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲು ಸಣ್ಣದಾಗಿ ಕಾಣುತ್ತದೆ. ಕಂಪನಿಗಳಿಗೆ ದೊಡ್ಡ ಗೆರೆಯೇ ಇಷ್ಟ, ಅದು ನಿನಗೇ ಗೊತ್ತು.

ರಾಜ್ಯದ ಗಡಿಯನ್ನು ನಂಬಬೇಡ. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರೇ. ನಮ್ಮ ಕೌಂಟರಿನಲ್ಲಿ ಮಲಯಾಳಂ ಬಾರದಿದ್ದರೆ ಕೆಲಸ ನಡೆಯುತ್ತಿರಲಿಲ್ಲ. 2020ರ ಲಾಕ್‌ಡೌನಿನಲ್ಲಿ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ಅಲ್ಲಿಯ ರೋಗಿಗಳು ಈ ಕಡೆ ಬರಲಾಗದೆ ಒದ್ದಾಡಿದರು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಹಾಗಂತ ಬರುವವರನ್ನು ಎಣಿಸಿದರೆ ಸಾಕೇ? ಅಲ್ಲೇ ಅಮೆರಿಕದವರು ಎಡವಿದ್ದು. ಎಲ್ಜಿಂಗಾ ಮತ್ತು ಹೊಗಾರ್ಟಿ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 1970ರ ದಶಕದಲ್ಲಿ ಒಂದು ಅಳತೆ ಕೊಟ್ಟರು. ಸರಕು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ನೋಡಿ, ಅದರ ಮೇಲೆ ಮಾರುಕಟ್ಟೆ ಎಲ್ಲಿವರೆಗೆ ಅಂತ ಹೇಳಿ ಎಂದು. 1990ರ ದಶಕದಲ್ಲಿ ಕೋರ್ಟುಗಳು ಅದನ್ನೇ ರೋಗಿಗಳಿಗೂ ಹಿಡಿದವು. ಇಷ್ಟು ಜನ ದೂರ ಹೋಗುತ್ತಿದ್ದಾರೆ, ಇಲ್ಲಿ ದರ ಏರಿಸಿದರೆ ಉಳಿದವರೂ ಹೋಗುತ್ತಾರೆ ಅನ್ನುವ ವಾದ. ಆಸ್ಪತ್ರೆಗಳ ವಿಲೀನ ತಡೆಯಲು ಹೋದ ಸರ್ಕಾರ ಒಂದರ ಹಿಂದೆ ಒಂದು ಕೇಸು ಸೋತಿತು. ಆಮೇಲೆ 2000ದಲ್ಲಿ ಷಿಕಾಗೋ ಹತ್ತಿರದ ಎವನ್‌ಸ್ಟನ್ ಸಂಸ್ಥೆ ಹೈಲ್ಯಾಂಡ್ ಪಾರ್ಕ್ ಆಸ್ಪತ್ರೆಯನ್ನು ಕೊಂಡಿತು. ದರ ಏರಿತು. 2004ರಲ್ಲಿ ನಮ್ಮ ಸ್ಪರ್ಧಾ ಆಯೋಗದಂಥ ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. ಆಗ ಎಲ್ಜಿಂಗಾ ಅವರೇ ಬಂದು, ಈ ಅಳತೆ ಆಸ್ಪತ್ರೆಗಳಿಗೆ ಹೊಂದುವುದಿಲ್ಲ ಎಂದು ಸಾಕ್ಷಿ ಹೇಳಿದರು! ಆ ಮನುಷ್ಯನ ಮೇಲೆ ನನಗೆ ಗೌರವ ಬಂತು. 2007ರಲ್ಲಿ ಕಮಿಷನ್ ವಿಲೀನ ತಪ್ಪೆಂದಿತು. ಆದರೆ ಆಸ್ಪತ್ರೆಗಳನ್ನು ಬೇರೆ ಮಾಡಿಸಲಿಲ್ಲ. ವಿಮಾ ಕಂಪನಿಗಳ ಜೊತೆ ಬೇರೆ ಬೇರೆ ಚೌಕಾಸಿ ಮಾಡಿ ಎಂದು ಬಿಟ್ಟಿತು. ನನ್ನ ಕೇಳಿದರೆ ಅರ್ಧ ನ್ಯಾಯ.

ಎಲ್ಜಿಂಗಾ ಹೇಳಿದ್ದು ಸುಳ್ಯ, ಬೆಳ್ತಂಗಡಿ ಕಡೆಯವರನ್ನು ನೋಡಿದವರಿಗೆ ಗೊತ್ತಿರುವುದೇ. ಹೃದಯದ ಬೈಪಾಸ್ ಆಪರೇಷನ್‌ಗಾದರೆ ಬಾಡಿಗೆ ಕಾರು ಮಾಡಿ ಮಂಗಳೂರಿಗೆ ಬರುತ್ತಾರೆ. ಹೆರಿಗೆಗೆ, ಡೆಂಗಿ ಜ್ವರಕ್ಕೆ ಹತ್ತಿರ ಯಾವುದು ಉಂಟೋ ಅಲ್ಲಿಗೇ. ರಾತ್ರಿ ನೋವು ಬಂದ ಹೆಂಗಸು ದರ ಕೇಳಿಕೊಂಡು ನೂರು ಕಿಲೋಮೀಟರ್ ಹೋಗುತ್ತಾಳಾ? ಹತ್ತು ಜನ ಮಂಗಳೂರಿಗೆ ಬಂದರು ಅಂದ ಮಾತ್ರಕ್ಕೆ ಉಳಿದ ತೊಂಬತ್ತು ಜನಕ್ಕೂ ಬರಲಿಕ್ಕೆ ಆಗುತ್ತದೆ ಅಂತ ಅರ್ಥವಲ್ಲ.

ಇನ್ನು ಒಳಗೆ ಸೇರಿದವರ ಪಾಡು. ಒಂದು ಸಲ ಅಡ್ಮಿಟ್ ಆದರೆ ಅವರ ಮಾರುಕಟ್ಟೆ ಆ ಕಟ್ಟಡದೊಳಗಿನ ಮೆಡಿಕಲ್ ಅಷ್ಟೇ. "ಹೊರಗೆ ಕಡಿಮೆಗೆ ಸಿಗುತ್ತದೆ ಮೇಡಂ, ತರಬಹುದಾ?" ಅಂತ ಜತೆಗಿದ್ದವರು ಕೇಳುತ್ತಿದ್ದರು. ಆಗುವುದಿಲ್ಲ ಅನ್ನಬೇಕಿತ್ತು. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಹಾಕುತ್ತಿರಲಿಲ್ಲ, ನಿಜ. ಆದರೆ ಎಂಆರ್‌ಪಿ ಜಾಸ್ತಿ ಇರುವ ಬ್ರ್ಯಾಂಡನ್ನೇ ತರಿಸಿದರೆ? ದೆಹಲಿಯಲ್ಲಿ ಸಿರಿಂಜ್ ಬೆಲೆಯ ದೂರಿನಿಂದ ಶುರುವಾದ ತನಿಖೆಯನ್ನು ಸ್ಪರ್ಧಾ ಆಯೋಗ 2018ರಲ್ಲಿ ವಿಸ್ತರಿಸಿದ್ದು ಇದೇ ಕಾರಣಕ್ಕಲ್ಲವೇ? 2017ರ ಫೆಬ್ರವರಿಯಲ್ಲಿ ಸರ್ಕಾರದವರು ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್‌ನ ಬೆಲೆಗೆ ಮಿತಿ ಹಾಕಿದರು, ಔಷಧಿ ಲೇಪಿಸಿದ್ದಕ್ಕೆ 29,600 ರೂಪಾಯಿ, ಬರೀ ಲೋಹದ್ದಕ್ಕೆ 7,260. ಬಿಲ್ಲಿನಲ್ಲಿ ಆ ಸಾಲು ಇಳಿಯಿತು. ಪ್ಯಾಕೇಜಿನ ಒಟ್ಟು ಮೊತ್ತ ಅಷ್ಟೇ ಇಳಿಯಿತಾ ಅಂತ ನನ್ನನ್ನು ಕೇಳಬೇಡ.

ಇಲ್ಲಿ ಸ್ಪರ್ಧೆಯೇ ಇಲ್ಲ ಅಂತಲೂ ಹೇಳಲಾರೆ. ದಕ್ಷಿಣ ಕನ್ನಡವೊಂದರಲ್ಲೇ ಎಷ್ಟು ಮೆಡಿಕಲ್ ಕಾಲೇಜು! ಇನ್‌ಸ್ಪೆಕ್ಷನ್‌ಗೆ ಹಾಸಿಗೆ ತುಂಬಿರಬೇಕು, ಮಕ್ಕಳಿಗೆ ಕಲಿಯಲು ರೋಗಿಗಳು ಬೇಕು. ಹಾಗಾಗಿ ರಿಯಾಯಿತಿಯ ಹೆಲ್ತ್ ಕಾರ್ಡ್, ಹಳ್ಳಿಯಲ್ಲಿ ಕ್ಯಾಂಪ್. ಜನರಲ್ ವಾರ್ಡಿನವರಿಗೆ ಇದರಿಂದ ನಿಜವಾಗಿ ಲಾಭ ಆಗಿದೆ. ನಿನ್ನ ಅಜ್ಜಿಯ ಕಣ್ಣಿನ ಪೊರೆ ತೆಗೆಸಿದ್ದೂ ಕಾರ್ಡಿನಲ್ಲೇ. ಸೆಮಿ ಸ್ಪೆಷಲ್ ರೂಮಿಗೆ ಹೋದ ಕೂಡಲೇ ಮಾತ್ರ ಕತೆ ಬೇರೆ. ಒಂದೇ ಆಸ್ಪತ್ರೆ, ಒಂದೇ ಡಾಕ್ಟರು, ಅದೇ ಆಪರೇಷನ್, ಬಿಲ್ಲು ಬೇರೆ. ಹಾಗಾಗಿ ಆಸ್ಪತ್ರೆಗೊಂದು ಸರಾಸರಿ ದರ ಹಿಡಿದು ಲೆಕ್ಕ ಮಾಡಿದರೆ ಏನೂ ಕಾಣುವುದಿಲ್ಲ.

ಒಂದು ಕೆಲಸ ಮಾಡು. ಕಂಪನಿಯವರು ಕೊಟ್ಟ ಡೇಟಾದಲ್ಲಿ ಹೆರಿಗೆ, ಜ್ವರ, ಡಯಾಲಿಸಿಸ್ ಒಂದು ಕಡೆ, ಬೈಪಾಸ್, ಮಂಡಿ ಆಪರೇಷನ್ ಇನ್ನೊಂದು ಕಡೆ ಇಡು. ಪಿನ್‌ಕೋಡ್ ಪ್ರಕಾರ ಯಾರು ಎಲ್ಲಿಗೆ ಹೋದರು ಅಂತ ಬೇರೆ ಬೇರೆಯಾಗಿ ನೋಡು. ಡಯಾಲಿಸಿಸ್‌ನವರನ್ನು ಮರೆಯಬೇಡ, ಹೆಚ್ಚಿನವರು ವಾರಕ್ಕೆ ಎರಡು ಮೂರು ಸಲ ಹೋಗಬೇಕಾದವರು. ಮಾಲೀಕರಿಗೆ ಬೇಡದ ಉತ್ತರ ಬಂದರೂ ವರದಿಯಲ್ಲಿ ಬರೆಯಲು ಬಿಡುತ್ತಾರಾ ಅಂತ ನಿನ್ನ ಮೇಲಿನವರನ್ನು ಈಗಲೇ ಕೇಳು, ಸಹಿ ಹಾಕುವ ದಿನ ಬೇಡ. ಬಿಡುವುದಿಲ್ಲ ಅಂದರೆ ಫೋನ್ ಮಾಡು.

ನಿನ್ನ ಅಮ್ಮ