ಸಮರ್ಕಂದ್ ನೋಡಿದ ಮೇಲೆ ನಮ್ಮ ಗವಾನ್ ಮದರಸಾ

ಸಂಪಾದಕರಿಗೆ ನಮಸ್ಕಾರ.

ಫಾರಿನ್ ಟೂರ್ ಅಂದರೆ ನಮ್ಮ ಕಡೆ ಜನಕ್ಕೆ ದುಬೈ, ಸಿಂಗಪುರ, ಥಾಯ್ಲೆಂಡ್. ಬೀದರ್‌ನವರು ಒಮ್ಮೆ ಉಜ್ಬೇಕಿಸ್ತಾನಕ್ಕೆ ಹೋಗಿ ಬನ್ನಿ ಅಂತ ನಾನು ಹೇಳುತ್ತೇನೆ. ದೂರವೇನೂ ಇಲ್ಲ, ದೆಹಲಿಯಿಂದ ತಾಷ್ಕೆಂಟ್‌ಗೆ ವಿಮಾನದಲ್ಲಿ ಮೂರು ತಾಸಿನ ಆಸುಪಾಸು. ಅಲ್ಲಿಂದ ಸಮರ್ಕಂದ್‌ಗೆ ವೇಗದ ರೈಲಿದೆ.

ಸಮರ್ಕಂದ್‌ನ ರೇಗಿಸ್ತಾನ್ ಚೌಕದಲ್ಲಿ ಮೂರು ಕಡೆ ಮೂರು ದೊಡ್ಡ ಮದರಸಾಗಳು. ಹಳೆಯದನ್ನು ತೈಮೂರನ ಮೊಮ್ಮಗ ಉಲುಗ್ ಬೇಗ್ ಕಟ್ಟಿಸಿದ್ದು, 1420ರಲ್ಲಿ ಮುಗಿಯಿತು. ರಾಜನಾಗಿದ್ದರೂ ಅವನಿಗೆ ನಕ್ಷತ್ರಗಳ ಹುಚ್ಚು. ಇನ್ನೆರಡು 17ನೇ ಶತಮಾನದವು. ಅದರಲ್ಲೊಂದರ ಬಾಗಿಲ ಮೇಲೆ ಹುಲಿಗಳು, ಹುಲಿ ಬೆನ್ನ ಮೇಲೆ ಮನುಷ್ಯನ ಮುಖದ ಸೂರ್ಯ! ಮದರಸಾದ ಬಾಗಿಲಿಗೆ ಇದು ಹೇಗೆ ಬಂತು ಅಂತ ಎಲ್ಲರೂ ಕತ್ತೆತ್ತಿ ನೋಡುತ್ತಾರೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಉಲುಗ್ ಬೇಗನ ಮದರಸಾ. ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳ ಕೋಣೆಗಳು, ಮೂಲೆಗೆ ಮಿನಾರು, ಗೋಡೆ ತುಂಬ ನೀಲಿ ಟೈಲ್ಸ್. ಇದೇ ನಕ್ಷೆಯನ್ನು ನಾವು ಬೀದರ್‌ನ ಚೌಬಾರಾ ಗೋಪುರದಿಂದ ಕೋಟೆಗೆ ಹೋಗುವ ದಾರಿಯಲ್ಲಿ ದಿನಾ ನೋಡುತ್ತೇವಲ್ವಾ? ಇರಾನಿನ ಗಿಲಾನ್‌ನಿಂದ ಬಂದು ಬಹಮನಿ ರಾಜ್ಯದ ವಜೀರನಾದ ಮಹಮೂದ್ ಗವಾನ್ ನಮ್ಮದನ್ನು ಕಟ್ಟಿಸಿದ್ದು 1472ರಲ್ಲಿ, ಅಂದರೆ ಅದಾಗಿ ಐವತ್ತು ವರ್ಷದ ಮೇಲೆ. ಇವೆರಡೂ ಒಂದೇ ಮನೆತನದ ಅಣ್ಣತಮ್ಮಂದಿರು, ಒಬ್ಬ ಮಾತ್ರ ಇಷ್ಟು ದೂರ ಬಂದು ನೆಲೆಸಿದ್ದಾನೆ.

ಸಮರ್ಕಂದ್‌ನದನ್ನು ಹತ್ತಿರ ಹೋಗಿ ನೋಡಿದೆ. ಅಲ್ಲಿನ ಹೂಬಳ್ಳಿ ಬರೆದದ್ದಲ್ಲ. ನೀಲಿ, ಬಿಳಿ, ಹಳದಿ ಒಂದೊಂದು ಬಣ್ಣದ ಚೂರನ್ನೂ ಬೇರೆ ಬೇರೆ ಕತ್ತರಿಸಿ, ಸಂದಿಯಲ್ಲಿ ಉಗುರು ಕೂಡ ಹೋಗದ ಹಾಗೆ ಕೂರಿಸಿದ್ದಾರೆ.

ಒಂದು ಮಾತು ಹೇಳಲೇಬೇಕು, ಅಲ್ಲಿ ಈಗ ಕಾಣುವುದರಲ್ಲಿ ರಿಪೇರಿ ಮಾಡಿದ್ದು ಜಾಸ್ತಿ. ವಾಲಿದ್ದ ಒಂದು ಮಿನಾರನ್ನು 1932ರಲ್ಲಿ ಎಂಜಿನಿಯರುಗಳು ನೆಟ್ಟಗೆ ನಿಲ್ಲಿಸಿದರಂತೆ, ಅದು ಸಾಹಸವೇ. ಆದರೆ ಹುಡುಗರು ಓದುತ್ತಿದ್ದ ಕೋಣೆಗಳಲ್ಲಿ ಈಗ ಶಾಲು, ತಟ್ಟೆ, ಟೋಪಿ ಮಾರುವ ಅಂಗಡಿಗಳು. ನನಗದು ಹಿಡಿಸಲಿಲ್ಲ. ನಮ್ಮ ಗವಾನ್ ಮದರಸಾ ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಒಂದು ಪಕ್ಕ ಹೋಗಿದೆ, ಒಂದೇ ಮಿನಾರು ಉಳಿದಿದೆ. ಆದರೂ ಅದರ ಮೇಲೆ ಅಂಕುಡೊಂಕಾಗಿ ಸುತ್ತಿಕೊಂಡ ಟೈಲ್ಸ್ ಹಳೆಯವೇ. ದಯವಿಟ್ಟು ಅದಕ್ಕೆ ಹೊಸ ಬಣ್ಣ ಬಳಿಯುವುದು ಬೇಡ.

ಊಟದ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಸಸ್ಯಾಹಾರಿ, ಅವರ ಪಲಾವಿನಲ್ಲಿ ಮಾಂಸ ಇದ್ದೇ ಇರುತ್ತದೆ. ಕುಂಬಳಕಾಯಿ ತುಂಬಿದ ಸಮೋಸಾ, ಟೊಮೆಟೊ, ಖರ್ಬೂಜ, ಒಣ ಹಣ್ಣು, ಮೇಲೆ ಹಾಲಿಲ್ಲದ ಹಸಿರು ಚಹಾ, ಹೀಗೆ ನಡೀತು. ಮತ್ತೆ ರೊಟ್ಟಿ! ತಂದೂರಿನಿಂದ ತೆಗೆದ ದಪ್ಪ ಗುಂಡು ರೊಟ್ಟಿ, ನಡುವೆ ಮುಳ್ಳಿನ ಅಚ್ಚು ಒತ್ತಿ ಹೂವಿನ ಹಾಗೆ ಚುಕ್ಕಿ ಮೂಡಿಸಿರುತ್ತಾರೆ. ಮಗು ಕೂರಿಸುವ ತಳ್ಳುಗಾಡಿಯಲ್ಲಿ ಬಟ್ಟೆ ಮುಚ್ಚಿ ಹೆಂಗಸರು ಮಾರುತ್ತಾರೆ. ನಾನು ಅದನ್ನು ಮೇಜಿನ ಮೇಲೆ ಬೋರಲು ಇಟ್ಟೆ, ಪಕ್ಕದ ಅಜ್ಜಿ ಏನೂ ಮಾತಾಡದೆ ತಿರುಗಿಸಿಟ್ಟರು. ರೊಟ್ಟಿ ಬೋರಲು ಇಡಬಾರದಂತೆ. ತಾಷ್ಕೆಂಟ್ ಮೆಟ್ರೋದಲ್ಲಿ ವಯಸ್ಸಾದವರು ಹತ್ತಿದ ತಕ್ಷಣ ಹುಡುಗರು ಎದ್ದು ನಿಲ್ಲುತ್ತಾರೆ, ಯಾರೂ ಹೇಳಬೇಕಿಲ್ಲ.

ಸಂಜೆ ರೇಗಿಸ್ತಾನ್‌ನಲ್ಲಿ ಪ್ರವಾಸಿಗರಷ್ಟೇ ಇರುವುದಿಲ್ಲ, ಊರವರೂ ಮಕ್ಕಳು ಮರಿ ಕಟ್ಟಿಕೊಂಡು ಬಂದು ಕೂರುತ್ತಾರೆ. ನಮ್ಮ ಮದರಸಾಗೆ ಬರುವ ಶಾಲಾ ಮಕ್ಕಳು ಸುಮ್ನೆ ಫೋಟೋ ತೆಗೆಸಿಕೊಂಡು ಬಸ್ ಹತ್ತುತ್ತಾರೆ. ಇದು ಕಾಲೇಜಾಗಿತ್ತು, ಇಲ್ಲಿ ದೊಡ್ಡ ಗ್ರಂಥಾಲಯ ಇತ್ತು, ಕಟ್ಟಿಸಿದ ಮನುಷ್ಯನನ್ನು 1481ರಲ್ಲಿ ಅವನ ಸುಲ್ತಾನನೇ ಕೊಲ್ಲಿಸಿದ, ಇಷ್ಟನ್ನು ಕನ್ನಡದಲ್ಲಿ ಚೆನ್ನಾಗಿ ಹೇಳಿದರೆ ಯಾವ ಮಗು ಕೇಳಲ್ಲ ಹೇಳಿ?

ಸಂಬಂಧಪಟ್ಟವರಿಗೆ ನನ್ನ ಕೋರಿಕೆ ಚಿಕ್ಕದು. ಇದೇ ಊರಿನ ಓದಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಟ್ಟು ಭಾನುವಾರ, ರಜಾ ದಿನಗಳಲ್ಲಿ ಅಲ್ಲಿ ಗೈಡ್ ಆಗಿ ನಿಲ್ಲಿಸಿ. ಮುಂಭಾಗ ಪೂರ್ತಿ ಇದ್ದಾಗ ಹೇಗಿತ್ತು ಅಂತ ಒಂದು ದೊಡ್ಡ ಚಿತ್ರ ಗೇಟಿನ ಹತ್ತಿರ ಹಾಕಿಸಿ. ಸೆಪ್ಟೆಂಬರ್ 27ರ ಪ್ರವಾಸೋದ್ಯಮ ದಿನದೊಳಗೆ ಇಷ್ಟಾದರೂ ಆಗಬಹುದಲ್ವಾ?

– ಒಬ್ಬ ಓದುಗ, ಬೀದರ್