ಅನುಕರಣೆಯೆಂದರೆ ಸೋಗಲ್ಲ

ಮಾನ್ಯ ಸಂಪಾದಕರೇ,

ಹೆಣ್ತನ, ಗಂಡಸುತನಗಳು ಅನುಕರಣೆಯಿಂದ ರೂಪುಗೊಳ್ಳುತ್ತವೆ ಎಂಬ ಸ್ತ್ರೀವಾದಿ ಚಿಂತನೆಯನ್ನು ಪರಿಚಯಿಸಿದ ತಮ್ಮ ಪತ್ರಿಕೆಯ ಲೇಖನವೊಂದು, ಹಾಗಾದರೆ ಲಿಂಗತ್ವವೆಂಬುದು ಬೇಕೆಂದಾಗ ತೊಟ್ಟು ಬೇಡವೆಂದಾಗ ಕಳಚಿಡುವ ವೇಷವಷ್ಟೇ ಎಂಬ ತೀರ್ಮಾನಕ್ಕೆ ಬಂದಿದೆ. ಆ ಚಿಂತನೆ ಹೇಳುವುದು ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದುದನ್ನು.

ವೇಷ ಎಂದೊಡನೆ ಅದನ್ನು ತೊಡುವ, ಮೊದಲೇ ಸಿದ್ಧವಾಗಿರುವ ಒಂದು 'ನಾನು' ಒಳಗೆಲ್ಲೋ ಇದೆಯೆಂದು ಊಹಿಸಿಕೊಳ್ಳುತ್ತೇವೆ. 1990ರ ದಶಕದ ಆರಂಭದಲ್ಲಿ ಅಮೆರಿಕದ ಸ್ತ್ರೀವಾದಿ ಚಿಂತಕರಾದ ಜುಡಿತ್ ಬಟ್ಲರ್ ಪ್ರಶ್ನಿಸಿದ್ದು ಈ ಊಹೆಯನ್ನೇ. ಅವರ ಪ್ರಕಾರ ಲಿಂಗತ್ವವು ಮೂಲಪ್ರತಿಯೇ ಇಲ್ಲದ ನಕಲು. ಹೇಗೆ ಕೂರಬೇಕು, ಎಷ್ಟು ಗಟ್ಟಿಯಾಗಿ ನಗಬಹುದು, ಯಾವಾಗ ಅಳು ನುಂಗಿಕೊಳ್ಳಬೇಕು ಎಂಬುದನ್ನು ಮಗು ದಿನವೂ ನೋಡಿ, ಮಾಡಿ, ತಪ್ಪಿದಾಗ ಗದರಿಸಿಕೊಂಡು, ಮತ್ತೆ ಮಾಡಿ, ಕೊನೆಗೆ ಅದೇ ತನ್ನ ಹುಟ್ಟುಗುಣವೆಂದು ನಂಬುತ್ತದೆ. 'ನಾನು' ಎಂಬುದು ಈ ಮರುಕಳಿಕೆಯ ಫಲವೇ ಹೊರತು ಅದರ ಒಡೆಯನಲ್ಲ. ಬೆಳಿಗ್ಗೆ ಕಪಾಟು ತೆರೆದು ಲಿಂಗತ್ವವನ್ನು ಆರಿಸಿಕೊಳ್ಳುವ ಮಾತು ತಮ್ಮದಲ್ಲವೆಂದು ಬಟ್ಲರ್ 1993ರಲ್ಲೇ ಸ್ಪಷ್ಟಪಡಿಸಿದ್ದರು.

ಅನುಕರಣೆಯ ಈ ಬಲವನ್ನು ಬಹು ಹಿಂದೆಯೇ ಕಂಡುಕೊಂಡವನು, ಸ್ವಾರಸ್ಯವೆಂದರೆ, ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಪ್ಲೇಟೋ. ತನ್ನ ಆದರ್ಶ ರಾಜ್ಯದ ರಕ್ಷಕರಾಗಬೇಕಾದ ಗಂಡಸರು ಹೆಂಗಸರನ್ನಾಗಲಿ ಗುಲಾಮರನ್ನಾಗಲಿ ಅನುಕರಿಸಕೂಡದೆಂದು ಆತ ವಿಧಿಸಿದ್ದು, ಎಳವೆಯಿಂದ ಮಾಡುತ್ತ ಬಂದ ಅನುಕರಣೆ ಮೈಗೂ ದನಿಗೂ ಬುದ್ಧಿಗೂ ಇಳಿದು ಸ್ವಭಾವವೇ ಆಗಿಬಿಡುತ್ತದೆಂಬ ಅಳುಕಿನಿಂದ. ಗಂಡಸುತನ ಹುಟ್ಟಿನಿಂದಲೇ ಅಷ್ಟು ಗಟ್ಟಿಯಾಗಿದ್ದರೆ ಅದಕ್ಕೆ ಇಂಥ ಕಾವಲು ಏಕೆ ಬೇಕಿತ್ತು?

ಹಾಗೆಂದು ಅನುಕರಣೆ ಬರೀ ಸೆರೆಯೂ ಅಲ್ಲ. ಹೆಣ್ಣಿಗೆ ಹೊರಿಸಿದ ಪಾತ್ರವನ್ನು ಆಕೆ ಬೇಕೆಂದೇ ಅನುಕರಿಸಿದರೆ, ಅದು ಹೊರಿಸಿದ ಪಾತ್ರವೆಂಬುದು ಬಯಲಿಗೆ ಬರುತ್ತದೆಂದು ಫ್ರೆಂಚ್ ಸ್ತ್ರೀವಾದಿ ಚಿಂತಕಿ ಲೂಸ್ ಇರಿಗರೆ 1970ರ ದಶಕದಲ್ಲಿ ವಾದಿಸಿದರು. ಯಾವ ನಕಲೂ ಹಿಂದಿನದರ ಪಡಿಯಚ್ಚಾಗದು. ಆ ಸಣ್ಣ ವ್ಯತ್ಯಾಸದಲ್ಲೇ ಬದಲಾವಣೆಗೆ ಎಡೆಯಿದೆ ಎಂಬುದು ಬಟ್ಲರ್ ಅವರ ನಿಲುವೂ ಹೌದು.

ಇಲ್ಲಿ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಡಿಗೆ ತುಸು ಬೇರೆಯಾದ ಮಾತ್ರಕ್ಕೆ ಏಟು ತಿನ್ನುವವರಿಗೆ ಈ ವ್ಯತ್ಯಾಸ ಆಟವಲ್ಲ, ಅಪಾಯ. ಹೀಗೆ ಹೊರಿಸಿದ ಪಾತ್ರವನ್ನು ಅಣಕಿಸುವುದನ್ನೇ ಪ್ರತಿರೋಧವೆಂದು ನೆಚ್ಚುವ ರಾಜಕಾರಣವು ಕಾನೂನು, ಹಸಿವು, ಹಿಂಸೆಗಳ ಪ್ರಶ್ನೆಯನ್ನು ಕೈಬಿಡುತ್ತದೆಂಬ ಧಾಟಿಯಲ್ಲಿ ಅಮೆರಿಕದ ತತ್ತ್ವಶಾಸ್ತ್ರಜ್ಞೆ ಮಾರ್ಥಾ ನುಸ್‌ಬಾಮ್ 1999ರಲ್ಲಿ ಬಟ್ಲರ್ ಅವರನ್ನು ಕಟುವಾಗಿಯೇ ಟೀಕಿಸಿದ್ದರು. ಲೇಖಕರು ಎದುರಿಸಬೇಕಾಗಿದ್ದುದು ಈ ಆಕ್ಷೇಪವನ್ನು. ಬಟ್ಲರ್ ಆಡದೇ ಇದ್ದ ಮಾತನ್ನಲ್ಲ.

ಇತಿ,
ಓರ್ವ ಓದುಗ