ಡೇರಿ ತೂಕದ ಯಂತ್ರ: ವೈರ್ ಕಳಚಿದರೆ ಸ್ಕ್ರೀನ್ ಹೇಳಲಿ

ಮಾನ್ಯ ಸಂಪಾದಕರೇ,

ಮದ್ದೂರು ಸುತ್ತಮುತ್ತಲಿನ ಹಾಲಿನ ಡೇರಿಗಳ ಕಂಪ್ಯೂಟರ್ ರಿಪೇರಿ ನನ್ನ ಕಸುಬು. ಬೆಳಿಗ್ಗೆ ಜನ ಹಾಲು ಹಾಕುವ ಹೊತ್ತಿಗೇ ಫೋನ್ ಬರುತ್ತದೆ: 'ತೂಕ ಬರ್ತಿಲ್ಲ ಕಣಣ್ಣ, ಸರ್ವರ್ ಹೋಗೈತೆ.' ಪಾಪ, ಸರ್ವರ್ ಏನೂ ಮಾಡಿರುವುದಿಲ್ಲ. ತೂಕದ ಯಂತ್ರದ ಯುಎಸ್‌ಬಿ ವೈರ್ ಸಡಿಲವಾಗಿರುತ್ತದೆ. ಇಲ್ಲವೇ ಕರೆಂಟ್ ಹೋಗಿ ಜನರೇಟರ್ ಹಾಕಿದಾಗ ಸಂಪರ್ಕ ಕಡಿದಿರುತ್ತದೆ.

ವೈರ್ ಕಳಚುವುದು ದೊಡ್ಡ ವಿಷಯವಲ್ಲ. ಕಂಪ್ಯೂಟರ್ ಆನ್ ಇರುವಾಗಲೇ ಹಾಕಿ ತೆಗೆಯಲಿ ಅಂತಲೇ ಯುಎಸ್‌ಬಿ ಮಾಡಿದ್ದು. ನನ್ನ ತಕರಾರು ಆಮೇಲೆ ಆಗುವುದರ ಬಗ್ಗೆ. ಕೆಲವು ಡೇರಿ ಸಾಫ್ಟ್‌ವೇರ್‌ಗಳಲ್ಲಿ ಹಿಂದಿನವರ ತೂಕವೇ ಸ್ಕ್ರೀನಿನಲ್ಲಿ ನಿಂತುಬಿಡುತ್ತದೆ. ಗಡಿಬಿಡಿಯಲ್ಲಿ ಎಂಟರ್ ಒತ್ತಿದರೆ ಆರು ಲೀಟರ್ ತಂದ ಅಜ್ಜಿಯ ಲೆಕ್ಕಕ್ಕೆ ಮುಂದಿದ್ದವರ ನಾಲ್ಕು ಲೀಟರ್ ಬೀಳುತ್ತದೆ. ಬೈಗುಳ ಮಾತ್ರ ಕಾರ್ಯದರ್ಶಿಗೆ!

ವಿಂಡೋಸ್ ಬದಲು ಲಿನಕ್ಸ್ ಎಂಬ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಇದರ ಜಾಡು ಚೆನ್ನಾಗಿ ಸಿಗುತ್ತದೆ. ವೈರ್ ಕಳಚಿದ್ದನ್ನು ಹಬ್ (ಯುಎಸ್‌ಬಿ ವೈರ್‌ಗಳು ಕೂಡುವ ಜಾಗ) ತಿಳಿಸುವ ಮೊದಲು ಒಂದು ಕ್ಷಣ, ಯಂತ್ರದ ಜೊತೆ ಮಾತಾಡುವ ಪ್ರೋಗ್ರಾಮ್ ಆದ ಡ್ರೈವರಿಗೆ ಬರುವುದು 71ನೇ ನಂಬರಿನ ಎರರ್, ಅಂದರೆ ಮಾತುಕತೆ ಕೆಟ್ಟಿದೆ ಅಂತ ಅಷ್ಟೇ. ವೈರಿನಲ್ಲಿ ಗದ್ದಲವೋ, ಯಂತ್ರವೇ ಹೋಯಿತೋ ಆಗ ಗೊತ್ತಾಗುವುದಿಲ್ಲ. ಒಂದೆರಡು ಸಲ ಮತ್ತೆ ಕೇಳಿ ನೋಡಬಹುದು, ಕೇಳುತ್ತಲೇ ಇರಬಾರದು. 19 ಬಂತೆಂದರೆ ಯಂತ್ರ ಇಲ್ಲ ಅಂತಲೇ ಅರ್ಥ. ಡ್ರೈವರ್ ಬಾಕಿ ಇರುವ ಕೆಲಸಗಳನ್ನೆಲ್ಲ ರದ್ದು ಮಾಡಿ ಕೈತೊಳೆದುಕೊಳ್ಳಬೇಕು. ಬಹುತೇಕ ಅದು ಸರಿಯಾಗಿಯೇ ಮಾಡುತ್ತದೆ. ವಿದ್ಯುತ್ ಗದ್ದಲದಿಂದ ಪೋರ್ಟ್ ಮುಚ್ಚಿತೇ ಅಂತ ಪ್ರಶ್ನಾರ್ಥಕ ಚಿಹ್ನೆ ಹಾಕಿ ತನ್ನ ದಿನಚರಿಯಾದ ಲಾಗ್‌ನಲ್ಲಿ ಬರೆದಿಡುವ ಪ್ರಾಮಾಣಿಕತೆಯೂ ಲಿನಕ್ಸಿಗಿದೆ.

ಎಡವುವುದು ಇದರ ಮೇಲೆ ಓಡುವ ಡೇರಿ ಸಾಫ್ಟ್‌ವೇರ್. ಅದು ತೂಕದ ಯಂತ್ರಕ್ಕೆ ಲಿನಕ್ಸ್ ಕೊಟ್ಟ ಬಾಗಿಲಾದ ಟಿಟಿವೈಯುಎಸ್‌ಬಿ 0 ಅನ್ನು ಬಿಡದೆ ಹಿಡಿದುಕೊಂಡಿರುತ್ತದೆ. ವೈರ್ ಮತ್ತೆ ಸಿಕ್ಕಿಸಿದರೆ ಅದೇ ಯಂತ್ರ ಟಿಟಿವೈಯುಎಸ್‌ಬಿ 1 ಆಗಿ ಬರುತ್ತದೆ. ಸಾಫ್ಟ್‌ವೇರ್ ಹಳೇ ಬಾಗಿಲಲ್ಲೇ ಕಾಯುತ್ತದೆ. ಎರರ್ ಬಂದ ಕೂಡಲೇ ಅದನ್ನು ಮುಚ್ಚಿ, ನಂಬರ್ ನೆಚ್ಚಿಕೊಳ್ಳದೆ ಯಂತ್ರದ ಗುರುತು ನೋಡಿ ಮತ್ತೆ ತೆರೆದರೆ ಮುಗಿಯಿತು. ಇದಕ್ಕೆ ಕಂಪ್ಯೂಟರ್ ರೀಸ್ಟಾರ್ಟ್ ಯಾಕೆ ಬೇಕು, ಅಲ್ವಾ?

ಡೇರಿಗಳ ಆಡಳಿತ ಮಂಡಳಿಯವರು ಹೊಸ ಸಾಫ್ಟ್‌ವೇರಿಗೆ ದುಡ್ಡು ಕೊಡುವ ಮುಂಚೆ ಮಾರುವವರ ಎದುರಿಗೇ ವೈರ್ ಕಿತ್ತು ನೋಡಲಿ. ತೂಕ ಅಳಿಸಿಹೋಗಿ 'ಯಂತ್ರ ಸಂಪರ್ಕದಲ್ಲಿಲ್ಲ' ಅಂತ ಕನ್ನಡದಲ್ಲಿ ಬರಬೇಕು. ಎಂಟರ್ ಒತ್ತಿದರೂ ಲೆಕ್ಕ ಏರಬಾರದು. ವೈರ್ ಮತ್ತೆ ಸಿಕ್ಕಿಸಿದರೆ ತಾನಾಗಿಯೇ ತೂಕ ಬರಬೇಕು. ಹೀಗೆ ಆಗದಿದ್ದರೆ ವಾಪಸ್ ಕಳಿಸಲಿ.

– ಕಂಪ್ಯೂಟರ್ ರಿಪೇರಿಗಾರ, ಮದ್ದೂರು, ಮಂಡ್ಯ ಜಿಲ್ಲೆ